ಹೂನಕ್ಕನ ಹಣ್ಣಿನ ರುಜು

ಆ ಬಣ್ಣ ಯೀಜೆನ್‌ಳ ಕಣ್ಣು ಬಿಟ್ಟು ಹೋಗುತ್ತಲೇ ಇರಲಿಲ್ಲ. ಅಕ್ಕಿ ತೊಳೆಯುವಾಗ, ಮಗಳ ತಲೆ ಬಾಚುವಾಗ, ಒಗೆದ ಬಟ್ಟೆ ಕೊಡವುವಾಗ, ಯಾವ ಕೆಲಸಕ್ಕೆ ಕೈ ಹಾಕಿದರೂ ನಡುವೆ ಅದೇ ಬಂದು ನಿಲ್ಲುತ್ತಿತ್ತು: ಬಚ್ಚಲುಮನೆಯ ಬಿಳಿ ಪಿಂಗಾಣಿಯ ತಳದಲ್ಲಿ ಒಂದಿಷ್ಟು ಕೆಂಪು ನೀರು.

ಅವಳ ಅತ್ತೆ ಸಣ್ಣದಕ್ಕೆ ಹೋಗಿ ಬಂದರೆ ನೀರು ಬಿಡುವ ಪೈಕಿಯಲ್ಲ. “ಒಂದು ಲೋಟ ಹೋಗೋದಕ್ಕೆ ಒಂದು ಬಕೆಟ್ ಸುರೀಬೇಕಾ? ಅಷ್ಟು ನೀರಲ್ಲಿ ನನ್ನ ನಾಲ್ಕು ಗಿಡ ಉಸಿರಾಡ್ತವೆ” ಎನ್ನುವುದು ಅವರ ವಾದ. ಹಾಗಾಗಿ ಹಿಂದೆಯೇ ಹೋಗಿ ಗೊಣಗಿಕೊಂಡು ಗುಂಡಿ ಒತ್ತುವುದು ಸೊಸೆಯ ಪಾಲಿಗೆ ಬಂದ ಕೆಲಸ. ಸೋಮವಾರ ಬೆಳಿಗ್ಗೆಯೂ ಗುಂಡಿಯ ಮೇಲೆ ಬೆರಳಿಟ್ಟಿದ್ದಳು. ಒತ್ತದೆ ಹಾಗೇ ನಿಂತುಬಿಟ್ಟಳು.

ಕೆಂಪು ಮೂತ್ರ ಎನ್ನುವುದು ಆ ಮನೆಯಲ್ಲಿ ಸುದ್ದಿಯೇ ಅಲ್ಲ. ಕೆಂಪು ತಿರುಳಿನ ಡ್ರ್ಯಾಗನ್ ಹಣ್ಣು ಬೆಳೆಯುವ ಮನೆ ಅದು. ಹೊಟ್ಟೆ ತುಂಬ ತಿಂದವರಿಗೆ ಮರುದಿನ ಬೆಳಿಗ್ಗೆ ಆ ಬಣ್ಣ ಇನ್ನೊಂದು ದಾರಿಯಲ್ಲಿ ಹೊರಗೆ ಬಂದು ಮುಖ ತೋರಿಸುವುದುಂಟು. ಆದರೆ ಹಣ್ಣಿನ ಕೆಂಪು ಮದುವೆ ಸೀರೆಯ ಗುಲಾಬಿ ಕೆಂಪು. ಇದು ಇಟ್ಟಿಗೆ ತೊಳೆದ ನೀರಿನ ಹಾಗಿತ್ತು. ತಳದಲ್ಲಿ ದಾರದ ತುಣುಕಿನಂಥದ್ದು ಏನೋ ಕಪ್ಪಗೆ ಮಲಗಿತ್ತು. ನಿಜವಾಗಿ ಇತ್ತೇ? ಅಥವಾ ಅವಳ ಕಣ್ಣಿಗೆ ಹಾಗೆ ಕಂಡಿತೇ? ಮೋಡದ ದಿನ, ಕಿಟಕಿಯ ಬೆಳಕು ಮಂಕಾಗಿತ್ತಲ್ಲ?

ಬಾಯಿಬಿಟ್ಟು ಕೇಳಿಬಿಡಬಹುದಿತ್ತು. ಕೇಳಲು ಯೀಜೆನ್‌ಗೆ ಧೈರ್ಯ ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದು ಇಡೀ ಊರಿಗೆ ಗೊತ್ತಿದ್ದ ಕಥೆ.

ರಾಜಧಾನಿ ತೈಪೆಯಲ್ಲಿ ಹುಟ್ಟಿ ಅಲ್ಲಿಯೇ ಓದಿದವಳು, ಮದುವೆಯಾಗಿ ಈ ಕರಾವಳಿಯ ಹಳ್ಳಿಗೆ ಬಂದಿದ್ದಳು. ಮಗಳು ತಾಂಗ್‌ತಾಂಗ್‌ಗೆ ಆಗಿನ್ನೂ ಒಂದು ವರ್ಷ. ಅಜ್ಜಿ ಮೊಮ್ಮಗಳಿಗೆ ಚಮಚದಲ್ಲಿ ಹಣ್ಣು ಕೆರೆದು ಕೊಟ್ಟಿದ್ದು ಅವಳಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಡೈಪರ್ ಬಿಚ್ಚಿ ನೋಡಿದವಳೇ ಮಗುವನ್ನು ಎದೆಗವಚಿಕೊಂಡು, ಒಂದು ಕಾಲಿಗೆ ಅತ್ತೆಯ ಚಪ್ಪಲಿ, ಇನ್ನೊಂದಕ್ಕೆ ಗಂಡನ ಚಪ್ಪಲಿ ಮೆಟ್ಟಿಕೊಂಡು, ಪಟ್ಟಣದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿದ್ದಳು. ಡಾಕ್ಟರು ಡೈಪರ್ ನೋಡಿದರು, ಮಗುವಿನ ನಾಲಿಗೆ ನೋಡಿದರು, ಆಮೇಲೆ ಬಹಳ ಗಂಭೀರವಾಗಿ ಕೇಳಿದರು: “ಹಣ್ಣು ಸಿಹಿಯಾಗಿತ್ತಾ?”

ಅವಳು ಮನೆ ತಲುಪುವ ಮೊದಲೇ ಕಥೆ ಊರು ತಲುಪಿತ್ತು. ಈಗಲೂ ದಿನಸಿ ಅಂಗಡಿಗೆ ಹೋದರೆ ಒಳಗಿನಿಂದ “ಡೈಪರ್ ಸೊಸೆ ಬಂದ್ಲು, ಏನು ಬೇಕೋ ಕೇಳ್ರೋ” ಎಂಬ ದನಿ ಬರುತ್ತದೆ. ಅಂದಿನಿಂದ ಯೀಜೆನ್‌ಗೆ ತನ್ನ ಗಾಬರಿಯ ಮೇಲೆ ತನಗೇ ನಂಬಿಕೆ ಹೋಗಿತ್ತು. ಗಾಬರಿ ಕಡಿಮೆಯಾಗಿತ್ತು ಎಂದಲ್ಲ. ಅದನ್ನು ಹೊರಗೆ ತೋರಿಸುವುದಕ್ಕೇ ಇನ್ನೊಂದು ಗಾಬರಿ ಸೇರಿಕೊಂಡಿತ್ತು, ಅಷ್ಟೆ. ಆಸ್ಪತ್ರೆಯ ಮೂತ್ರರೋಗ ವಿಭಾಗದ ನಂಬರನ್ನು ಸೋಮವಾರವೇ ಹುಡುಕಿ ಫೋನಿನಲ್ಲಿಟ್ಟುಕೊಂಡಳು. ಬೆರಳು ಅದರ ಮೇಲೆ ಸುಳಿದಾಡಿ ಹಿಂದೆ ಬರುತ್ತಿತ್ತು. ಗಂಡ ಸಮುದ್ರದ ನಡುವಿನ ಗಾಳಿಯಂತ್ರಗಳ ಕೆಲಸಕ್ಕೆ ಹೋಗಿದ್ದ. ಅವನಿಗೆ ಹೇಳಿದರೆ “ಅಮ್ಮ ಹಣ್ಣು ತಿಂದಿರ್ತಾಳೆ ಕಣೇ, ಮಲಕ್ಕೋ” ಎನ್ನುತ್ತಾನೆ, ಇನ್ನೇನು.

ಅತ್ತೆಯ ಹೆಸರು ಆಹೂನ್. ಸಂತೆಯಲ್ಲಿ ಎಲ್ಲರ ಬಾಯಲ್ಲೂ ಹೂನಕ್ಕ. ಮುಖದ ಸುತ್ತ ಹೂವಿನ ಚಿತ್ರದ ಬಟ್ಟೆ ಇಳಿಬಿಟ್ಟ ಟೋಪಿ, ಮುಳ್ಳು ಗೀರಿದ ಮೊಣಕೈ, ಯಾವ ಸೋಪಿಗೂ ಜಗ್ಗದ ಕೆಂಪು ಉಗುರು. ಸ್ಕೂಟರಿನ ಹಿಂದೆ ಮೂರು ಪೆಟ್ಟಿಗೆ ಕಟ್ಟಿಕೊಂಡು, ಕಾಲ ನಡುವೆ ಒಂದು ಇಟ್ಟುಕೊಂಡು, ಒಂದು ಕೈಯಲ್ಲಿ ಚಾಲನೆ ಮಾಡುತ್ತ ಇನ್ನೊಂದು ಕೈಯಲ್ಲಿ ಎದುರಿಗೆ ಬಂದವರಿಗೆಲ್ಲ ಟಾಟಾ ಮಾಡುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಕಡಲೆಕಾಯಿ ಹೊಲದಲ್ಲಿ ಸಿಮೆಂಟು ಕಂಬಗಳನ್ನು ತಾನೇ ನೆಟ್ಟು, ಒಂದೊಂದು ಕಂಬಕ್ಕೆ ಮುಳ್ಳುಬಳ್ಳಿ ಹಬ್ಬಿಸಿದವರು. ಚಳಿಗಾಲದಲ್ಲಿ ಸಾಲುಸಾಲಾಗಿ ದೀಪ ತೂಗುಬಿಟ್ಟು, ಬೇಸಿಗೆ ಇನ್ನೂ ಮುಗಿದಿಲ್ಲ ಎಂದು ಗಿಡಗಳಿಗೆ ಸುಳ್ಳು ಹೇಳಿ ಹೂ ಬಿಡಿಸುವವರು. “ಗಿಡಕ್ಕೆ ಸುಳ್ಳು ಹೇಳ್ಬಹುದು, ಗಿರಾಕಿಗೆ ಹೇಳ್ಬಾರ್ದು” ಎಂದು ನಗುತ್ತಿದ್ದರು.

ಅವರು ಮೊದಲ ಸಲ ಕೆಂಪು ಹಣ್ಣು ಸಂತೆಗೆ ತಂದಾಗ ಜನಕ್ಕೆ ಗೊತ್ತಿದ್ದದ್ದು ಬಿಳಿ ತಿರುಳಿನದು ಮಾತ್ರ. ಮರುದಿನ ಬೆಳಿಗ್ಗೆ ಅರ್ಧ ಸಂತೆ ಅವರ ಮುಂದೆ ಜಮಾಯಿಸಿತು. ಒಬ್ಬ ತನಗೆ ವಿಷ ಹಾಕಿದ್ದಾರೆ ಎಂದ. ಇನ್ನೊಬ್ಬ ಉಯಿಲು ಬರೆಸಲು ತಮ್ಮನನ್ನು ಕರೆಸಿದ್ದ. ಹೂನಕ್ಕ ಖಾಲಿ ಪೆಟ್ಟಿಗೆಯ ಮೇಲೆ ಹತ್ತಿ ನಿಂತು, ಹಣ್ಣು ಸೀಳಿ ತೋರಿಸಿ, ಕೂಗಿದರು: “ಯಾರೂ ಸಾಯಲ್ಲ ಕಣ್ರಪ್ಪಾ! ಅದು ನನ್ನ ಹಣ್ಣಿನ ರುಜು!” ಆ ದಿನ ಮಧ್ಯಾಹ್ನದೊಳಗೆ ಪೆಟ್ಟಿಗೆ ಖಾಲಿ. ಅಂದಿನಿಂದ ಅದೇ ಅವರ ಕೂಗು. ನಾಳೆ ಬೆಳಿಗ್ಗೆ ಕೆಂಪು ಕಂಡರೆ ಹೆದರಬೇಡಿ, ಡಾಕ್ಟರ ಹತ್ತಿರ ಓಡಬೇಡಿ, ಅದು ಹೂನಕ್ಕನ ಹಣ್ಣಿನ ರುಜು. ಪಕ್ಕದೂರಿನ ಮಕ್ಕಳೂ ಹೇಳಿಕೊಂಡು ಕುಣಿಯುತ್ತಿದ್ದವು.

ಮಂಗಳವಾರ ಬೆಳಿಗ್ಗೆ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಯೀಜೆನ್ ಕೊನೆಗೂ ಬಾಯಿಬಿಟ್ಟಳು. “ಅತ್ತೆ, ನಿಮಗೆ ಉರಿ ಗಿರಿ ಏನಾದ್ರೂ ಇದೆಯಾ?”

“ಎಲ್ಲಿ?”

“ಅದೇ... ಹೋಗುವಾಗ.”

“ಎಲ್ಲಿಗೆ ಹೋಗುವಾಗ?”

“ಬಚ್ಚಲಿಗೆ!”

ಹೂನಕ್ಕ ಉಪ್ಪುಮೊಟ್ಟೆಯ ಚೂರನ್ನು ಗಂಜಿಗೆ ಅದ್ದಿ ಸಾವಧಾನವಾಗಿ ಬಾಯಿಗಿಟ್ಟರು. “ಉರಿಯೂ ಇಲ್ಲ, ನೋವೂ ಇಲ್ಲ. ಕಾಲುವೆ ಹರಿದಂಗೆ ಹರೀತದೆ. ನಿನಗ್ಯಾಕಮ್ಮ ಈ ಇಲಾಖೆ?”

“ನಿನ್ನೆ ಕೆಂಪಗಿತ್ತು.”

“ಅಯ್ಯೋ ದೇವರೇ, ಡೈಪರ್ ಮತ್ತೆ ಶುರುವಾಯ್ತು!”

“ಹಣ್ಣಿನ ಕೆಂಪು ಬೇರೆ ಥರ ಇರುತ್ತೆ ಅತ್ತೆ. ಇದು...”

“ನಿನಗೆ ಗೊತ್ತಾ ನನಗೆ ಗೊತ್ತಾ? ನೋಡಿಲ್ಲಿ.” ಗೂಡಿನಲ್ಲಿದ್ದ ದೊಡ್ಡ ಗಾಜಿನ ಭರಣಿ ತೋರಿಸಿದರು. ಸಕ್ಕರೆ ಹಾಕಿ ಹುಳಿಬರಿಸಿದ ಹಣ್ಣಿನ ರಸ. ದಿನಕ್ಕೊಂದು ಬಟ್ಟಲು ಕುಡಿಯುವುದು ಅವರ ಪದ್ಧತಿ. “ಇದನ್ನ ಕುಡಿದು ಹಸಿರು ಹೋಗ್ಲಾ ನಾನು?”

ಯೀಜೆನ್ ಸೋಲಲಿಲ್ಲ. ರಾತ್ರಿಯಿಡೀ ನಿದ್ದೆ ಕೆಟ್ಟವಳಿಗೆ ಸ್ವಲ್ಪ ಮೊಂಡುತನ ಬಂದಿತ್ತು. “ಸರಿ. ಮೂರು ದಿನ ಹಣ್ಣೂ ಬೇಡ, ರಸವೂ ಬೇಡ. ಮೂರನೇ ದಿನವೂ ಕೆಂಪಿದ್ರೆ ನನ್ನ ಜೊತೆ ಡಾಕ್ಟರ ಹತ್ರ ಬರ್ಬೇಕು.”

“ಪಂದ್ಯವಾ?” ಹೂನಕ್ಕನ ಕಣ್ಣು ಅರಳಿದವು. “ಇಲ್ದಿದ್ರೆ? ನಾನು ಗೆದ್ರೆ?”

“ನೀವೇ ಹೇಳಿ.”

“ಶನಿವಾರದ ಸಂತೇಲಿ ನೀನು ನಿಂತ್ಕೊಂಡು ಕೂಗ್ಬೇಕು. ನಾನು ಕೂಗೋ ಹಂಗೆ, ಪೂರ್ತಿ. ಗಂಟಲೊಳಗೆ ಗೊಣಗೋದಲ್ಲ.”

ಮೂರು ದಿನವೂ ಬೆಳಿಗ್ಗೆ ಬಚ್ಚಲಿನಿಂದ ಕರೆ ಬರುತ್ತಿತ್ತು: “ಏ ತೈಪೆ, ಬಾರೇ! ನ್ಯಾಯಾಧೀಶರು ದಯಮಾಡಿಸ್ಬೇಕು!” ಮೊದಲ ದಿನ ಮಸುಕು ಗುಲಾಬಿ, ಅದು ಹಿಂದಿನ ದಿನದ ರಸ ಎಂದು ಇಬ್ಬರೂ ಒಪ್ಪಿದರು. ಎರಡನೆಯ ದಿನ ತೆಳು ಚಹಾದ ಬಣ್ಣ. ಮೂರನೆಯ ದಿನ ಬಾರ್ಲಿ ಗಂಜಿಯ ತಿಳಿಯಂತೆ ಸ್ವಚ್ಛ. ತಾಂಗ್‌ತಾಂಗ್ ಬಾಗಿಲಲ್ಲಿ ನಿಂತು ಅಜ್ಜಿಗೆ ಚಪ್ಪಾಳೆ ತಟ್ಟಿದಳು. ಹೂನಕ್ಕ ಗೆದ್ದ ಪೈಲ್ವಾನನಂತೆ ಎರಡು ಕೈ ಮೇಲೆತ್ತಿ ಅಂಗಳಕ್ಕೆ ಒಂದು ಸುತ್ತು ಹಾಕಿದರು.

ಯೀಜೆನ್‌ಗೆ ಸೋತದ್ದಕ್ಕೆ ಎಷ್ಟು ಸಂತೋಷವಾಯಿತೆಂದರೆ ಅಂದು ಅತ್ತೆಗೆಂದು ಮೊಟ್ಟೆ ಹಬೆಯಲ್ಲಿ ಬೇಯಿಸಿದಳು. ಶನಿವಾರ ಬೆಳಿಗ್ಗೆ ಇನ್ನೊಂದು ಸಂತೋಷ ಕಾದಿತ್ತು. ಬಚ್ಚಲಿಗೆ ಹೋದರೆ ನೀರು ಆಗಲೇ ಬಿಟ್ಟಾಗಿತ್ತು. ಐದು ವರ್ಷ ಗೊಣಗಿದ್ದು ಕೊನೆಗೂ ಫಲಿಸಿತು ಎಂದುಕೊಂಡಳು.

ಸಂತೆಯಲ್ಲಿ ಹೂನಕ್ಕನ ಜಾಗ ಲಾಯಣ್ಣನ ಪಕ್ಕ. ಲಾಯಣ್ಣ ಸೋಯಾ ಹಾಲಿನ ಮೆತ್ತನೆಯ ಟೋಫುವಿನ ಬಿಸಿ ಪಾಯಸ ಮಾರುವವರು. ಹೂನಕ್ಕನ ಜೊತೆ ಒಂದೇ ಶಾಲೆಯಲ್ಲಿ ಓದಿದವರು, ಶುಂಠಿ ಬೆಲ್ಲದ ನೀರನ್ನು ಬಟ್ಟಲಿಗೆ ಸುರಿಯುತ್ತ ಪ್ರತಿಯೊಬ್ಬರಿಗೂ ಒಂದು ಚುಚ್ಚುಮಾತು ಸೇರಿಸುವವರು.

“ಬನ್ನಿ ಬನ್ನಿ,” ಎಂದಳು ಯೀಜೆನ್, ಗ್ರಂಥಾಲಯದಲ್ಲಿ ಮಾತಾಡುವ ದನಿಯಲ್ಲಿ.

“ಯಾರಿಗೆ ಹೇಳ್ತಿದ್ದೀಯ, ಹಣ್ಣಿಗಾ?” ಎಂದರು ಹೂನಕ್ಕ. “ಜೋರಾಗಿ!”

“ಬನ್ನಿ! ನಾಳೆ ಬೆಳಿಗ್ಗೆ ಕೆಂಪು ಕಂಡ್ರೆ... ಹೆದರಬೇಡಿ... ಡಾಕ್ಟರ ಹತ್ರ...”

ಮಾತು ಅಲ್ಲಿಯೇ ಸಿಕ್ಕಿಕೊಂಡಿತು. ಹೂನಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಎದುರಿನ ಹಂದಿಮಾಂಸದವಳು ಏನು ಸಮಾಚಾರ ಎಂದು ಕತ್ತಿ ಕೆಳಗಿಟ್ಟು ಬಂದಳು. ಅಷ್ಟು ಸಾಕಾಯಿತು. ಪಂದ್ಯದ ಕಥೆ, ನ್ಯಾಯಾಧೀಶರ ಕಥೆ, ಬಾರ್ಲಿ ಗಂಜಿಯ ಕಥೆ, ಎಲ್ಲವೂ ಕೈ ಬಾಯಿ ಕುಣಿಸುತ್ತ ಇಡೀ ಸಾಲಿಗೆ ಬಿತ್ತರವಾಯಿತು. ಎಲ್ಲರೂ ನಕ್ಕರು. ಯೀಜೆನ್ ಕಿವಿಯವರೆಗೂ ಕೆಂಪಾದಳು. ಲಾಯಣ್ಣ ಮಾತ್ರ ಸೌಟು ಕೈಯಲ್ಲಿ ಹಿಡಿದು ನಿಂತಿದ್ದರು.

“ನೋವಿರಲಿಲ್ವಾ?” ಎಂದು ಕೇಳಿದರು.

“ಒಂದು ಚೂರೂ ಇಲ್ಲ. ಅದಕ್ಕೇ ಹೇಳೋದು, ಈ ಹುಡುಗಿ...”

“ಮೂರು ದಿನ ಸ್ವಚ್ಛ ಇತ್ತು ಅಂತ ಇಷ್ಟು ಮೆರೀತಿದ್ದೀಯಲ್ಲ ಹೂನ್, ನಂದು ಎರಡು ತಿಂಗಳು ಸ್ವಚ್ಛ ಇತ್ತು, ಗೊತ್ತಾ?”

“ನಿಂದೇನು?”

“ನಂದೂ ಇದೇ. ಒಂದು ದಿನ ಬಂತು, ನೋವಿಲ್ಲ ಉರಿಯಿಲ್ಲ. ನಿನ್ನ ಹಣ್ಣು ಅಂದ್ಕೊಂಡೆ. ನಿನ್ನ ಪಕ್ಕ ಕೂತು ದಿನಾ ತಿನ್ನೋನು, ಇನ್ನೇನು ಅಂದ್ಕೊಳ್ಳಲಿ? ನಿಂತೂ ಹೋಯ್ತು. ಸಮುದ್ರದಮ್ಮನ ಗುಡಿಗೆ ಇಡೀ ಕೋಳಿ ಒಪ್ಪಿಸಿ ಬಂದೆ. ಎರಡು ತಿಂಗಳಾದ್ಮೇಲೆ ಮತ್ತೆ ಬಂತು, ಈ ಸಲ ಸಂಸಾರ ಸಮೇತ.”

“ನಿನಗೆ ಆಗಿದ್ದು ಕಿಡ್ನಿ ಕಲ್ಲಲ್ವಾ?”

“ಕಲ್ಲು ಅಂದ್ರೆ ಜನ ನನ್ನ ಟೋಫು ತಿಂತಾರೆ. ಕ್ಯಾನ್ಸರ್ ಅಂದ್ರೆ ಆ ಕಡೆ ಅಂಗಡಿಗೆ ಹೋಗ್ತಾರೆ ಅಂತ ಹೆದರಿದ್ದೆ. ಹನ್ನೊಂದು ವರ್ಷ ಆಯ್ತು ಸುಳ್ಳು ಹೇಳ್ಕೊಂಡು.”

ಬಟ್ಟಲು ಹಿಡಿದು ನಿಂತಿದ್ದ ಇಬ್ಬರು ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವರಲ್ಲೊಬ್ಬ ಚಮಚ ನೆಕ್ಕಿ, “ಇನ್ನೊಂದು ಹಾಕಿ, ಶುಂಠಿ ಜಾಸ್ತಿ” ಎಂದ. ಲಾಯಣ್ಣ ಅವನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಶುಂಠಿ ಜಾಸ್ತಿ ಹಾಕಿದರು.

“ಎಲ್ಲಿ ಬಂದಿತ್ತು?” ಯೀಜೆನ್ ಮೆಲ್ಲಗೆ ಕೇಳಿದಳು.

ಲಾಯಣ್ಣ ಸೋಯಾ ಹಾಲು ಸೋಸುವ ಉದ್ದನೆಯ ಬಟ್ಟೆಯನ್ನು ಗೂಟದಿಂದ ತೆಗೆದು ಎರಡು ಕೈಯಲ್ಲೂ ಹಿಡಿದರು. “ಒಳಗಡೆ ಹಿಂಗಿದೆಯಂತಮ್ಮ. ಕಿಡ್ನಿ ಒಳಗಿಂದ ಶುರುವಾಗಿ, ನಾಳದಲ್ಲಿ ಇಳಿದು, ಮೂತ್ರಕೋಶದ ತನಕ ಒಂದೇ ಬಟ್ಟೆಯ ಅಸ್ತರು. ಮಧ್ಯೆ ಹೊಲಿಗೆನೇ ಇಲ್ಲ. ಎಲ್ಲಾ ಕಡೆ ಹರಿಯೋದು ಅದೇ ನೀರು. ಒಂದು ಕಡೆ ಕಲೆ ಬಿತ್ತು ಅಂದ್ರೆ ಇನ್ನೊಂದು ಕಡೆಯೂ ಬೀಳಬಹುದು. ನಂದು ಮೇಲ್ಗಡೆ, ನಾಳದಲ್ಲಿ ಬಿದ್ದಿತ್ತು. ತಡವಾಗಿ ಹೋದೆ. ಎಡಗಡೆ ಕಿಡ್ನಿ, ನಾಳ, ಎರಡೂ ತೆಗೆದರು. ಈಗ ಒಂದೇ ಎಂಜಿನ್ನಿನ ದೋಣಿ ನಾನು.”

“ಮುಗೀತಾ ಅಲ್ಲಿಗೆ?”

“ಎಲ್ಲಿ ಮುಗಿಯೋದು? ಬಟ್ಟೆ ಒಂದೇ ಅಂದ್ನಲ್ಲ. ಎರಡು ವರ್ಷದ ಮೇಲೆ ಮೂತ್ರಕೋಶದಲ್ಲಿ ಹೂಕೋಸಿನ ಚೂರಿನಷ್ಟು ಒಂದು ಗೆಡ್ಡೆ ಬಂತು. ಆದರೆ ಆಗ ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸ್ತಿದ್ನಲ್ಲ, ಬೇಗ ಸಿಕ್ಕಿತು. ಹೊಟ್ಟೆ ಕೊಯ್ಯಲಿಲ್ಲ ಏನಿಲ್ಲ. ನೀರು ಬರೋ ದಾರೀಲೇ ಕೊಳವೆ ಹಾಕಿ ಕೆರೆದು ತೆಗೆದರು.”

“ಆ ದಾರೀಲಾ!” ಎಂದಳು ಹಂದಿಮಾಂಸದವಳು.

“ಆ ದಾರೀಲೇ. ಅಮಲು ಕೊಡ್ತಾರೆ ಬಿಡು. ಈಗ ವರ್ಷಕ್ಕೊಂದು ಸಲ ಕ್ಯಾಮೆರಾ ಹಾಕಿ ನೋಡ್ತಾರೆ. ಪರದೆ ಮೇಲೆ ನಾನೂ ನೋಡಿದ್ದೀನಿ. ನಮ್ಮ ಒಳ್ಳೇ ಟೋಫು ಹಂಗೆ ನುಣ್ಣಗಿದೆ.” ಬಟ್ಟಲುಗಳು ಒಂದು ಕ್ಷಣ ತಡೆದು ಮತ್ತೆ ಬಾಯಿಗೆ ಹೋದವು. “ಬೇಗ ಹೋದ್ರೆ ಬಟ್ಟೆ ಮೇಲಿಂದ ಕೆರೆದು ಬಿಡ್ತಾರೆ. ಸುಮ್ನೆ ಕೂತ್ರೆ ಬಟ್ಟೆ ದಾಟಿ ಗೋಡೆಗೆ ಇಳೀತದೆ. ಅಷ್ಟೇ ನನಗೆ ಗೊತ್ತಿರೋದು. ಹಾಂ, ಇನ್ನೊಂದು. ಡಾಕ್ಟ್ರು ಮೊದಲು ಕೇಳಿದ್ದು ಸಿಗರೇಟು ಸೇದ್ತೀರಾ ಅಂತ. ಎರಡನೇದು, ರೇಡಿಯೊದಲ್ಲಿ ಮಾರೋ ಬೇರಿನ ಪುಡಿ ತಿಂದಿದ್ದೀರಾ ಅಂತ. ನೆನಪಿದೆಯಾ ಹೂನ್? ಮಂಡಿನೋವಿಗೆ ನೀನೂ ನಾನೂ ಒಟ್ಟಿಗೆ ತರಿಸ್ತಿದ್ವಲ್ಲ.”

“ಎರಡು ಡಬ್ಬಿಗೆ ಒಂದು ಬಾಣಲೆ ಉಚಿತ,” ಎಂದರು ಹೂನಕ್ಕ. ಅವರ ದನಿ ಸಣ್ಣದಾಗಿತ್ತು. “ಬಾಣಲೆ ಇನ್ನೂ ಇದೆ.”

“ಅದರಲ್ಲಿದ್ದ ಕೆಲವು ಬಳ್ಳಿ ಈಗ ನಿಷೇಧವಂತೆ. ಅದರ ವಿಷ ಒಳಗಿನ ಅಸ್ತರಿಗೆ ಅಂಟಿಕೊಂಡು ಇಪ್ಪತ್ತು ಮೂವತ್ತು ವರ್ಷ ಆದ್ಮೇಲೂ ಎದ್ದು ಕೂರಬಹುದಂತೆ. ಎಲ್ಲರಿಗೂ ಆಗುತ್ತೆ ಅಂತ ಅಲ್ಲ. ನಿನ್ನದು ಹಣ್ಣೇ ಇರಬಹುದು, ಇನ್ನೇನೋ ಇರಬಹುದು. ನೋಡಿಸಿದ್ರೆ ತಾನೇ ಗೊತ್ತಾಗೋದು?”

ಹೂನಕ್ಕ ತಕ್ಕಡಿಯ ಮೇಲೆ ಒಂದು ಹಣ್ಣಿಟ್ಟರು, ತೆಗೆದರು, ಮತ್ತೆ ಅದನ್ನೇ ಇಟ್ಟರು. ತೂಕಕ್ಕೆ ಕಾದು ನಿಂತಿದ್ದ ದಪ್ಪ ಕನ್ನಡಕದ ಹೆಂಗಸು ಕತ್ತು ಚಾಚಿ ನೋಡುತ್ತಿದ್ದಳು.

“ಇವತ್ತು ಬೆಳಿಗ್ಗೆ ಬಂತು,” ಎಂದರು ಹೂನಕ್ಕ, ಹಣ್ಣನ್ನೇ ನೋಡುತ್ತ.

ಯೀಜೆನ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದೊಡನೆ ಬೆಳಿಗ್ಗೆ ಅತ್ತೆ ತಾವೇ ಬಿಟ್ಟಿದ್ದ ನೀರು ನೆನಪಾಯಿತು. “ಇವತ್ತಾ? ಹಣ್ಣು ತಿಂದಿದ್ರಾ?”

“ಎಲ್ಲಿ ತಿಂದೆ? ಪಂದ್ಯ ಅಂದ್ರೆ ಪಂದ್ಯ. ಇನ್ನೂ ಮುಟ್ಟಿಲ್ಲ.”

“ಮತ್ತೆ ಹೇಳಲಿಲ್ಲ ಯಾಕೆ ಅತ್ತೆ?”

“ಏನಂತ ಹೇಳ್ಲಿ? ಇಷ್ಟು ವರ್ಷ ಪೆಟ್ಟಿಗೆ ಮೇಲೆ ನಿಂತು ಹೆದರಬೇಡಿ, ಡಾಕ್ಟ್ರ ಹತ್ರ ಓಡಬೇಡಿ ಅಂತ ಕೂಗಿದೋಳ್ನ ಅದೇ ಆಸ್ಪತ್ರೆ ಬೆಂಚಲ್ಲಿ ಯಾರಾದ್ರೂ ನೋಡಿದ್ರೆ? ‘ಹೂನಕ್ಕಂಗೇ ಕೆಂಪು ಬಂದಿದೆ’ ಅಂತ ಆದ್ರೆ? ಆಮೇಲೆ ನನ್ನ ಹಣ್ಣನ್ನ ನಾಯಿಯೂ ಮೂಸಲ್ಲ.”

“ಕೂಗಿಗೆ ಒಂದು ಸಾಲು ಸೇರಿಸು,” ಎಂದರು ಲಾಯಣ್ಣ. “ಹಣ್ಣು ತಿಂದು ಎರಡು ದಿನ ಆದ್ಮೇಲೂ ಕೆಂಪಿದ್ರೆ, ತಿನ್ನದೇನೇ ಕೆಂಪಿದ್ರೆ, ಅದು ನನ್ನ ರುಜು ಅಲ್ಲ, ಓಡಿ ಅಂತ.”

“ಅಂಥಾ ಕೂಗು ಕೇಳಿ ಯಾರು ಕೊಳ್ತಾರೋ?”

“ನಾನು ಕೊಳ್ತೀನಿ,” ಎಂದಳು ಕನ್ನಡಕದ ಹೆಂಗಸು. “ಮೊದಲು ತೂಕ ಮಾಡು ಮಾರಾಯ್ತಿ. ಅರ್ಧ ಗಂಟೆಯಿಂದ ನಿನ್ನ ಮೂತ್ರದ ಕಥೆ ಕೇಳ್ತಾ ನಿಂತಿದ್ದೀನಿ.”

ಮೊದಲು ನಕ್ಕದ್ದು ಹೂನಕ್ಕನೇ. ಆಮೇಲೆ ಎಲ್ಲರೂ. ತೂಕ ಮಾಡಿ, ಒಂದು ಹಣ್ಣು ಮೇಲೆ ಹಾಕಿ, ಚೀಲ ಅವಳ ಕೈಗೆ ತುರುಕಿ, ಹೂನಕ್ಕ ಟೋಪಿಯ ಬಟ್ಟೆಯಿಂದ ಮುಖ ಒರೆಸಿಕೊಂಡರು. ಬೆವರು ಒರೆಸಿಕೊಂಡಂತೆ ಮಾಡಿದರು. ಚಳಿಗಾಲದಲ್ಲಿ ಎಲ್ಲಿಯ ಬೆವರು.

“ಏನು ಗರಬಡಿದೋಳ ಹಂಗೆ ನಿಂತಿದ್ದೀಯ?” ಎಂದು ಸೊಸೆಯ ಕಡೆ ತಿರುಗಿದರು. “ಮಗು ಒಂದು ಸಲ ಸೀನಿದ್ರೆ ನಾಲ್ಕು ಜನಕ್ಕೆ ಫೋನ್ ಮಾಡೋಳು. ಈಗ ಮಾಡೋಕೆ ಏನು ಧಾಡಿ?”

ಯೀಜೆನ್ ಫೋನು ತೆಗೆದಳು. ಇಷ್ಟು ದಿನ ಸುಳಿದಾಡಿದ ಬೆರಳು ಈ ಸಲ ಕೆಳಗಿಳಿದು ನಂಬರನ್ನು ಒತ್ತಿತು. ಆ ಕಡೆ ಗಂಟೆ ಹೊಡೆಯಿತು, ಮತ್ತೆ ಹೊಡೆಯಿತು. ಒಂದು ಹೆಣ್ಣುದನಿ ಏನು ತೊಂದರೆ ಎಂದು ಕೇಳಿತು.

“ನನ್ನ ಅತ್ತೆಗೆ,” ಎಂದಳು ಯೀಜೆನ್. ಪಕ್ಕದಲ್ಲಿ ಮೀನಿನವನು ಕೂಗುತ್ತಿದ್ದ. ಅವಳು ದನಿ ಏರಿಸಬೇಕಾಯಿತು. “ಮೂತ್ರದಲ್ಲಿ ರಕ್ತ ಬರ್ತಿದೆ. ನೋವಿಲ್ಲ. ಬಂದು ಬಂದು ಹೋಗುತ್ತೆ.” ಇಡೀ ಸಾಲಿಗೆ ಕೇಳಿಸಿತು. ಯಾರೂ ನಗಲಿಲ್ಲ.

ಎಷ್ಟು ದಿನದಿಂದ ಎಂದು ಕೇಳಿತು ದನಿ. ಯೀಜೆನ್ ಅತ್ತೆಯ ಮುಖ ನೋಡಿದಳು.

ಹೂನಕ್ಕ ಪೆಟ್ಟಿಗೆಯ ಅಂಚು ಸವರುತ್ತ, “ಚಂದ್ರನ ಹಬ್ಬದಿಂದ ಅನ್ನು” ಎಂದರು.

“ಚಂದ್ರನ ಹಬ್ಬ!” ಮೂರು ತಿಂಗಳ ಮೇಲಾಗಿತ್ತು. ಬೈಯಲು ಇದು ಸಮಯವಲ್ಲ ಎಂದು ತುಟಿ ಕಚ್ಚಿ, ಯೀಜೆನ್ ಅದನ್ನು ಹಾಗೆಯೇ ಫೋನಿಗೆ ಹೇಳಿದಳು. “ವಯಸ್ಸು? ಒಂದು ನಿಮಿಷ. ಅತ್ತೆ, ನಿಮ್ಮ ವಯಸ್ಸು?”

“ಅರವತ್ತು ಅಂತ ಹೇಳು.”

“ಅರವತ್ತೇಳು!” ಎಂದು ಲಾಯಣ್ಣ ಸೌಟಿನಿಂದ ಪಾತ್ರೆ ಬಡಿದರು. “ನನಗಿಂತ ಒಂದು ತರಗತಿ ಮುಂದಿದ್ಲು!”

“ಅರವತ್ತೇಳು,” ಎಂದಳು ಯೀಜೆನ್. “ಹೂಂ, ರೇಡಿಯೊ ಪುಡಿ ತಿಂದಿದ್ದಾರೆ, ಹಿಂದೆ. ಹೂಂ. ಬುಧವಾರ ಬೆಳಿಗ್ಗೆ?”

ಬುಧವಾರ ಊರಿನ ದೊಡ್ಡ ಸಂತೆ. ಹೂನಕ್ಕ ಏನೋ ಹೇಳಲು ಬಾಯಿ ತೆರೆದರು. ಪೆಟ್ಟಿಗೆಗಳ ಕಡೆ ಒಮ್ಮೆ ನೋಡಿದರು, ಬಟ್ಟೆಯನ್ನು ಮತ್ತೆ ಗೂಟಕ್ಕೆ ಹಾಕುತ್ತಿದ್ದ ಲಾಯಣ್ಣನ ಕಡೆ ಒಮ್ಮೆ ನೋಡಿದರು. ಬಾಯಿ ಮುಚ್ಚಿ ತಲೆಯಾಡಿಸಿದರು.

“ಆಗುತ್ತೆ,” ಎಂದಳು ಯೀಜೆನ್. “ಇಬ್ಬರೂ ಬರ್ತೀವಿ.”